ತೊಗರಿ ಸೀಮೆಯ ಟವರ್ ಮಾತು

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತರೆ ಮಾತು ಮಳೆಯಿಂದ ಶುರುವಾಗುತ್ತದೆ. ಅಲ್ಲಿಂದ ತೊಗರಿ ರೇಟಿಗೆ ಬಂದು, ಆಮೇಲೆ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದ ಮಗನ ಸುದ್ದಿಗೆ ಹೊರಳುತ್ತದೆ. ಈಗ ಈ ಮೂರಕ್ಕೂ ಮೊಬೈಲೇ ಬೇಕು. ಮಳೆಯ ಮುನ್ಸೂಚನೆ ಅದರಲ್ಲಿ, ಕಲಬುರಗಿ ಎಪಿಎಂಸಿಯ ಧಾರಣೆ ಅದರಲ್ಲಿ, ಮಗನ ದನಿಯೂ ಅವನು ಕಳಿಸುವ ರೊಕ್ಕವೂ ಅದರಲ್ಲೇ. ಹಾಗಾಗಿ ಕಟ್ಟೆಯ ಹರಟೆಗೆ ನಾಲ್ಕನೆಯ ವಿಷಯವೊಂದು ಸೇರಿಕೊಂಡಿದೆ: "ರೀಚಾರ್ಜ್ ಮುಗದದ ನೋಡ್ರಿ, ಮತ್ತ ಹಾಕ್ಸಬೇಕು."

ದೂರದೂರುಗಳ ನಂಟು ಈ ಸೀಮೆಗೆ ಹೊಸದಲ್ಲ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಅಂದಿನಿಂದ ಮುಂಬೈ, ಮದ್ರಾಸು, ಹೈದರಾಬಾದು ಮೂರೂ ದಿಕ್ಕಿಗೆ ವಾಡಿಯೇ ಕೂಡುದಾರಿ. ಶಹಾಬಾದಿನ ಪರಸಿ ಕಲ್ಲು, ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಈ ಹಳಿಗಳ ಮೇಲೆಯೇ ದೇಶ ಸೇರಿದವು. ಕಲ್ಲು ಹೋಯಿತು, ಸಿಮೆಂಟು ಹೋಯಿತು, ಜನರೂ ಹೋದರು. ಹೋದವರ ಸುದ್ದಿ ಮಾತ್ರ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ತಾರು ಬಂತೆಂದರೆ ಅದನ್ನು ಓದಿಸುವ ಮೊದಲೇ ಮನೆಯ ಹೆಣ್ಣುಮಕ್ಕಳು ಅಳಲು ಶುರುಮಾಡುತ್ತಿದ್ದರು.

ಆಮೇಲೆ ಎಸ್‌ಟಿಡಿ ಬೂತುಗಳ ಕಾಲ ಬಂತು. ರಾತ್ರಿ ದರ ಇಳಿಯುವ ಹೊತ್ತಿಗೆ ಕಾದು ನಿಂತು, ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತು ಮುಗಿಸುತ್ತಿದ್ದೆವು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಮಂತ್ರಿ ಸುಖರಾಮ್ ಅವರೊಂದಿಗೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ ಹದಿನಾರು ರೂಪಾಯಿವರೆಗೂ ದರವಿತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 1999ರ ಹೊಸ ದೂರಸಂಪರ್ಕ ನೀತಿ ಕಂಪನಿಗಳ ನಿಗದಿತ ಲೈಸೆನ್ಸ್ ಶುಲ್ಕ ತೆಗೆದು ಆದಾಯದಲ್ಲಿ ಪಾಲು ಕೇಳತೊಡಗಿತು, ದರ ಇಳಿಯಲು ಅದು ದಾರಿಯಾಯಿತು. 2003ರ ಮೇ 1ರಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಬಡವನ ಕೈಗೆ ಫೋನು ಬಂದದ್ದು ನನ್ನ ಪ್ರಕಾರ ಆ ದಿನದಿಂದ. ಒಂದು ಮಿಸ್ ಕಾಲ್ ಕೊಟ್ಟರೆ ಸಾಕು, ಅತ್ತಲಿಂದ ಮಗನೇ ಫೋನು ಹಚ್ಚುತ್ತಿದ್ದ.

ಫೋನಿನಿಂದ ರೈತನಿಗೆ ದುಡ್ಡು ಹೆಚ್ಚು ಸಿಕ್ಕೀತೇ? ಇದಕ್ಕೆ ಉತ್ತರ ಸಿಗುವುದು ನಮ್ಮ ಕಾಸರಗೋಡಿನ ಕಡಲ ದಂಡೆಯಲ್ಲಿ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡುಗಳ ಮೀನುಗಾರರನ್ನು 1996ರಿಂದ 2001ರವರೆಗೆ ಗಮನಿಸಿ 2007ರಲ್ಲಿ ಅಧ್ಯಯನ ಪ್ರಕಟಿಸಿದರು. ದೋಣಿಯಿಂದಲೇ ಫೋನು ಮಾಡಿ ಯಾವ ದಂಡೆಯಲ್ಲಿ ಗಿರಾಕಿ ಇದ್ದಾರೆಂದು ಕೇಳುವಂತಾದ ಮೇಲೆ ಮೀನು ಕೊಳೆತು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು.

ತೊಗರಿಯ ಕಥೆ ಅಷ್ಟು ಸಲೀಸಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ಮೀನಿನಂತೆ ಒಂದೇ ದಿನಕ್ಕೆ ಕೆಡುವುದಿಲ್ಲ, ನಿಜ. ಆದರೆ ಬಿತ್ತನೆಗೆ ಸಾಲ ಕೊಟ್ಟ ಅಡತಿ ಅಂಗಡಿಗೇ ಮಾಲು ಹಾಕಬೇಕಾದವನು ಬೇರೆ ಪೇಟೆಯ ರೇಟು ತಿಳಿದುಕೊಂಡು ಮಾಡುವುದೇನು? ಫೋನು ಧಾರಣೆ ಹೇಳುತ್ತದೆ, ಸಾಲ ಬಿಡಿಸುವುದಿಲ್ಲ. ಹೊಲದ ದಾರಿ, ಗೋದಾಮು, ಬ್ಯಾಂಕಿನ ಸಾಲ ಇವೆಲ್ಲ ಜೊತೆಗೂಡಿದರೆ ಮಾತ್ರ ತಿಳಿದ ರೇಟು ಕೈಗೆ ಬರುವ ರೊಕ್ಕವಾದೀತು.

ಫೋನಿನ ಉಪಕಾರ ಕಣ್ಣಿಗೆ ಕಾಣುವುದು ಗುಳೆ ಹೋದವರ ಮನೆಗಳಲ್ಲಿ. ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ ಕಟ್ಟಡ ಕೆಲಸಕ್ಕೆ ಹೋದವರು ಹಿಂದೆ ಊರಿಗೆ ಬರುವವರ ಕೈಯಲ್ಲಿ ದುಡ್ಡು ಕೊಟ್ಟು ಕಳಿಸುತ್ತಿದ್ದರು, ಇಲ್ಲವೇ ಮನಿಯಾರ್ಡರ್ ಮಾಡಿ ಪೋಸ್ಟ್‌ಮನ್ ದಾರಿ ಕಾಯಿಸುತ್ತಿದ್ದರು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಈಗ ಪುಣೆಯಲ್ಲಿ ಬಟವಾಡೆಯಾದ ಸಂಜೆಯೇ ತಾಂಡಾದ ಕಿರಾಣಿ ಅಂಗಡಿಯ ಬಾಕಿ ತೀರುತ್ತದೆ. "ಯವ್ವಾ, ರೊಕ್ಕ ಬಂತೇನು?" ಎಂದು ಕೇಳುವ ಮಗನ ಮುಖವೂ ಪರದೆಯ ಮೇಲೆ ಕಾಣುತ್ತದೆ. ಯಾವ ಲೆಕ್ಕದ ಪುಸ್ತಕದಲ್ಲೂ ಸೇರದ ಈ ನೆಮ್ಮದಿಯನ್ನು ನಾನು ದೊಡ್ಡ ಲಾಭವೆಂದೇ ಎಣಿಸುತ್ತೇನೆ.

ಖರ್ಚಿನ ಕಡೆಯನ್ನೂ ನೋಡಬೇಕು. ಒಂದು ಕಾಲಕ್ಕೆ ಹತ್ತಾರು ಕಂಪನಿಗಳಿದ್ದವು, ನಮ್ಮ ರಾಜ್ಯದಲ್ಲಿ ಸ್ಪೈಸ್ ಹೆಸರು ಮನೆಮಾತಾಗಿತ್ತು. ಈಗ ಉಳಿದದ್ದು ಜಿಯೊ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮತ್ತು ಬಿಎಸ್‌ಎನ್‌ಎಲ್. ಮೂರೂ ಖಾಸಗಿ ಕಂಪನಿಗಳು 2024ರ ಜುಲೈನಲ್ಲಿ ದರ ಏರಿಸಿದವು. ಇಪ್ಪತ್ತೆಂಟು ದಿನಕ್ಕೊಮ್ಮೆ ಮುಗಿಯುವ ಪ್ಯಾಕಿಗೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಹಾಕಬೇಕು. ಮನೆಯಲ್ಲಿ ಮೂರು ಫೋನಿದ್ದರೆ ಮೂವತ್ತೊಂಬತ್ತು ಸಲ. ಕೂಲಿಯವರ ಮನೆಗೆ ಇದು ಸಣ್ಣ ಮೊತ್ತವಲ್ಲ. ಎಸ್‌ಟಿಡಿ ಬೂತು ಮುಚ್ಚಿ ರೀಚಾರ್ಜ್ ಅಂಗಡಿ ತೆರೆದವರೂ ಈಗ ಗಿರಾಕಿಗಳು ಆ್ಯಪಿನಲ್ಲೇ ರೀಚಾರ್ಜ್ ಮಾಡಿಕೊಳ್ಳುವುದರಿಂದ ಕಮಿಷನ್ ಕಳೆದುಕೊಂಡು ರಿಪೇರಿಗೆ, ಗಾಜು ಹಾಕುವುದಕ್ಕೆ ಇಳಿದಿದ್ದಾರೆ.

ದುಡ್ಡು ಕೊಟ್ಟರೂ ಸಿಗ್ನಲ್ ಎಲ್ಲ ಕಡೆ ಒಂದೇ ಸಮ ಇಲ್ಲ. ರೇಡಿಯೊ ಅಲೆಯ ಆವರ್ತನ ಹೆಚ್ಚಿದಷ್ಟೂ ಅದು ದೂರ ಹೋಗದು, ಗುಡ್ಡ ಮರಗಳನ್ನು ದಾಟದು. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಪಟ್ಟಿ ಪಟ್ಟಣಕ್ಕೆ ಒಳ್ಳೆಯದು. ಚಿಂಚೋಳಿಯ ಕಾಡಿನ ತಗ್ಗುಗಳಿಗೆ ಬೇಕಾದದ್ದು ದೂರ ಹರಿಯುವ 700 ಮೆಗಾಹರ್ಟ್ಸ್. ಇಂಥ ವ್ಯತ್ಯಾಸ ಇರುವಾಗಲೇ 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನು ದಿನಕ್ಕೆರಡು ಸಲ ಆ್ಯಪಿನಲ್ಲಿ ಫೋಟೊ ಸಮೇತ ಹಾಕುವುದು ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಾಮಗಾರಿಗೂ ಕಡ್ಡಾಯವಾಯಿತು. ಗುದ್ದಲಿ ಹಿಡಿದು ದುಡಿದವಳ ಕೂಲಿ ಟವರಿನ ಮರ್ಜಿಗೆ ಬೀಳುವುದು ನ್ಯಾಯವಲ್ಲ.

ಮುಂದೇನು? 5ಜಿ 2022ರ ಅಕ್ಟೋಬರ್ 1ರಂದು ಬಂತು, 6ಜಿಗೆ 2030ರ ಗುರಿ ಇಟ್ಟಿದ್ದಾರೆ, ಉಪಗ್ರಹದಿಂದ ನೇರ ಇಂಟರ್ನೆಟ್ ಕೊಡಲು ಕಂಪನಿಗಳಿಗೆ ಪರವಾನಗಿ ಸಿಕ್ಕಿದೆ. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 2022ರಲ್ಲಿ ಕೇಂದ್ರ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಉಪಕರಣ ಕೊಟ್ಟಿದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ಇವೆಲ್ಲ ಬರಲಿ. ಆದರೆ ಈ ಉದ್ಯಮದ ಏಳಿಗೆಯನ್ನು ಬೆಂಗಳೂರಿನ ಡೇಟಾ ವೇಗದಿಂದ ಅಳೆಯದೆ, ಗಡಿ ತಾಂಡಾದ ಮುದುಕಿಯೊಬ್ಬಳು ಮಗನೊಡನೆ ಎಷ್ಟು ಕಡಿಮೆ ಖರ್ಚಿನಲ್ಲಿ ಕಡಿತವಿಲ್ಲದೆ ಮಾತಾಡಬಲ್ಲಳು ಎಂಬುದರಿಂದ ಅಳೆಯಬೇಕು.

ಸದ್ಯಕ್ಕೆ ನಿಮ್ಮ ಕೈಲಾಗುವ ಕೆಲಸವೊಂದಿದೆ. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅದರ ಅವಧಿ ಒಂದು ವರ್ಷದವರೆಗೂ ಇರಬಹುದು. ಊರಲ್ಲಿರುವ ಅಪ್ಪ ಅವ್ವನ ಡಬ್ಬಾ ಫೋನಿಗೆ ಮುಂದಿನ ಸಲ ದುಡ್ಡು ಹಾಕಿಸುವಾಗ ಆ ಪ್ಯಾಕನ್ನೇ ಕೇಳಿ ಹಾಕಿಸಿ, ನೆರೆಯವರಿಗೂ ಹೇಳಿ.