ಶ್ರೀಶೈಲದ ಹಾದಿಯಲ್ಲಿ ತಲೆಯ ನೆರಳು

ಯಾತ್ರೆಗೆ ಹೊರಡುವ ಮನೆಯಲ್ಲಿ ಬುತ್ತಿಯ ಚಿಂತೆ ಮೊದಲು, ಹಾಸು ಹೊದಿಕೆಯ ಚಿಂತೆ ಅನಂತರ. ತಲೆಗೇನು ಎಂಬ ಚಿಂತೆ ಬರುವುದು ಕಟ್ಟಕಡೆಗೆ. ಕಟಕರೊಟ್ಟಿ, ಶೇಂಗಾ ಚಟ್ನಿ, ಔಷಧಿಯ ಪೊಟ್ಟಣ ಎಲ್ಲವೂ ಗಂಟಿನೊಳಗೆ ಸೇರುತ್ತವೆ. ಆದರೆ ಪಾದಯಾತ್ರಿಕನನ್ನು ದಿನವಿಡೀ ಬಿಡದೆ ಹಿಂಬಾಲಿಸುವುದು ಬಿಸಿಲು. ಅದಕ್ಕೆ ತಕ್ಕ ಸಿದ್ಧತೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿ ಅಪ್ರಸ್ತುತವಾಗಲಾರದು.

ಯುಗಾದಿ ಸಮೀಪಿಸಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಸೀಮೆಗಳಿಂದ ಭಕ್ತರು ಕಂಬಿ ಹೊತ್ತು ಮಲ್ಲಯ್ಯನ ಸನ್ನಿಧಿಗೆ ನಡೆದು ಹೋಗುವುದು ಬಹುಕಾಲದ ರೂಢಿ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಕೃಷ್ಣಾ ತುಂಗಭದ್ರೆಯರ ನಡುವಣ ಬಯಲನ್ನು ಕಳೆದು ಆತ್ಮಕೂರನ್ನು ಮುಟ್ಟಿದ ಮೇಲೆ, ವೆಂಕಟಾಪುರದಿಂದ ನಲ್ಲಮಲದ ಅಡವಿ ತೊಡಗುತ್ತದೆ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳನ್ನು ದಾಟಿ, ಕಲ್ಲಿನ ಮೆಟ್ಟಿಲೇರಿ ಕೈಲಾಸದ್ವಾರವನ್ನು ಸೇರಬೇಕು. ಮೊದಲು ಕರ್ನೂಲು ಜಿಲ್ಲೆಗೆ ಸೇರಿದ್ದ ಈ ಕ್ಷೇತ್ರ 2022ರಿಂದ ನಂದ್ಯಾಲ ಜಿಲ್ಲೆಯಲ್ಲಿದೆ.

ಅಡವಿಯೆಂದೊಡನೆ ನೆರಳನ್ನು ಎಣಿಸಿಕೊಳ್ಳುವವರುಂಟು. ಆದರೆ ನಲ್ಲಮಲ ಬಹುಪಾಲು ಎಲೆಯುದುರುವ ಮರಗಳ ಒಣ ಕಾಡು. ಫಾಲ್ಗುಣ ಚೈತ್ರಗಳಲ್ಲಿ ಅನೇಕ ಮರಗಳು ಬರಿಗೊಂಬೆಗಳಾಗಿ ನಿಂತಿರುತ್ತವೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಬಂಡೆಯ ಝಳ. ಕ್ಷೇತ್ರವು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಯುಗಾದಿಯ ಹೊತ್ತಿಗೆ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಗೇ ಬಂದಿರುತ್ತಾನೆ. ಆಗ ನೆತ್ತಿ, ಮೂಗಿನ ತುದಿ, ಕಿವಿಯ ಅಂಚು, ಹಿಂಗತ್ತುಗಳಿಗೆ ಮರೆಯೇ ಇರುವುದಿಲ್ಲ. ತಲೆಯುಡುಗೆಯನ್ನು ಆರಿಸುವಾಗ ಈ ನಾಲ್ಕು ಸ್ಥಾನಗಳನ್ನು ನೆನೆದರೆ ಅರ್ಧ ವಿಚಾರ ಮುಗಿದಂತೆ.

ನಮ್ಮ ಹಿರಿಯರ ರುಮಾಲು ಸಾಮಾನ್ಯ ವಸ್ತುವಲ್ಲ. ಸುತ್ತುಸುತ್ತಿನ ನಡುವೆ ಗಾಳಿ ನಿಲ್ಲುವುದರಿಂದ ಕಾವು ನೆತ್ತಿಗೆ ಬೇಗ ಇಳಿಯದು. ನೀರಿನಲ್ಲಿ ತೋಯಿಸಿ ಸುತ್ತಿದರೆ, ಆರುವ ನೀರು ತಲೆಯ ಬಿಸಿಯನ್ನೂ ಒಯ್ಯುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಈ ಉಪಾಯ ಬಹಳ ಸಲ್ಲುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ಸಲ್ಲದು. ರುಮಾಲಿನ ಕೊರತೆಯೆಂದರೆ ಅದಕ್ಕೆ ಅಂಚಿಲ್ಲ. ಸೆರಗನ್ನು ಬೆನ್ನಿಗೆ ಇಳಿಬಿಟ್ಟು ಕತ್ತನ್ನು ಮುಚ್ಚಬಹುದಾದರೂ ಮೂಗು ಕಿವಿಗಳು ಬಯಲಿಗೇ ಉಳಿಯುತ್ತವೆ. ಗಾಂಧಿ ಟೋಪಿಯದೂ ಇದೇ ಕಥೆ. ಹುಡುಗರು ಮೆಚ್ಚುವ ಕ್ರಿಕೆಟ್ ಕ್ಯಾಪು ಮುಖಕ್ಕೆ ನೆರಳಾದೀತು, ಕಿವಿಗೂ ಕತ್ತಿಗೂ ಅಲ್ಲ. ತಾಯಂದಿರು ತಲೆಯ ಮೇಲೆ ಹೊದ್ದ ತೆಳುಸೆರಗು ಒಂದೇ ಪದರದ್ದು. ಅದರ ಮೇಲೆಯೇ ಟೋಪಿ ಇಟ್ಟುಕೊಳ್ಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಆಂಗ್ಲರ ಆಳ್ವಿಕೆಯಲ್ಲಿ ಪ್ರಸಿದ್ಧವಾಗಿದ್ದ ಸೋಲಾ ಟೋಪಿಯನ್ನು ವಯೋವೃದ್ಧರು ನೆನೆಯಬಹುದು. ಆ ಹೆಸರು ಸೂರ್ಯನಿಂದ ಬಂದುದೆಂದು ಹಲವರ ಭಾವನೆ. ವಾಸ್ತವದಲ್ಲಿ ಅದು ಜೌಗುನೆಲದಲ್ಲಿ ಬೆಳೆಯುವ ಶೋಲಾ ಎಂಬ ಗಿಡದ ಹೆಸರು. ಆ ಗಿಡದ ಬೆಂಡಿನಿಂದಾದ ಟೋಪಿ ಹಗುರ, ಶಾಖನಿರೋಧಕ. ಆದರೆ ಗಂಟಿನಲ್ಲಿ ಅದುಮಿದರೆ ಮುರಿಯುತ್ತದೆ, ಮಳೆಯಲ್ಲಿ ಕೆಡುತ್ತದೆ. ಗರಿ ಹುಲ್ಲುಗಳಿಂದ ಹೆಣೆದ ಟೋಪಿಯೂ ತಂಪಾದುದೇ, ಆದರೆ ಮಡಿಸಿದ ಗೆರೆಯಲ್ಲಿಯೇ ಸೀಳುತ್ತದೆ. ದೂರದ ನಡಿಗೆಗೆ ದಪ್ಪ ಹತ್ತಿಬಟ್ಟೆಯ, ಸುತ್ತಲೂ ಅಂಚುಳ್ಳ ಟೋಪಿಯೇ ಬಾಳಿಕೆಯದು.

ಕೊಳ್ಳುವಾಗ ಕೆಲವು ಪರೀಕ್ಷೆಗಳನ್ನು ಮಾಡಬೇಕು. ಅಂಚು ಸುತ್ತಲೂ 3 ಅಂಗುಲಕ್ಕೆ ಕಡಿಮೆಯಿರಬಾರದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ನೇಯ್ಗೆಯ ಸಂದಿನಲ್ಲಿ ಬೆಳಕು ತೂರಿದರೆ ಸುಡುವ ಕಿರಣವೂ ತೂರುತ್ತದೆ. ಅಂಚಿನ ಮೇಲೆ ಒಂದರ ಪಕ್ಕದಲ್ಲೊಂದು ಹೊಲಿಗೆಯ ಸಾಲುಗಳಿದ್ದರೆ ಅದು ಜೋಲು ಬೀಳದೆ ನಿಲ್ಲುತ್ತದೆ. ಹೊರಮೈ ಬಿಳಿದಾಗಿ ಅಂಚಿನ ಅಡಿಮೈ ಕಪ್ಪಾಗಿದ್ದರೆ ಕಣ್ಣಿಗೆ ಹಿತ, ನೆಲದಿಂದ ಚಿಮ್ಮುವ ಪ್ರಖರತೆ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಗಾಳಿಗಂಡಿ, ಒಳಗೆ ಬೆವರು ಹೀರುವ ಹತ್ತಿಪಟ್ಟಿ, ಗದ್ದಕ್ಕೆ ಕಟ್ಟುವ ದಾರ ಇವು ಅವಶ್ಯ. ಹಣೆಯಲ್ಲಿ ಒಂದು ಬೆರಳು ತೂರುವಷ್ಟು ಸಡಿಲವಿರಲಿ. ಬಿಗಿದ ಟೋಪಿಯನ್ನು ಯಾತ್ರಿಕನು ಎರಡನೆಯ ದಿನವೇ ಕೈಯಲ್ಲಿ ಹಿಡಿದು ನಡೆಯುತ್ತಾನೆ. ಬೆವರಿನ ಉಪ್ಪು ಬಟ್ಟೆಯನ್ನು ತಿನ್ನುವುದರಿಂದ ಬೀಡು ಬಿಟ್ಟಲ್ಲಿ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿದರೆ ಅದು ಹಲವು ವರ್ಷ ಬಾಳುತ್ತದೆ.

ಇಷ್ಟಾದರೂ ಟೋಪಿಯೊಂದೇ ರಕ್ಷೆಯಲ್ಲ. ನಸುಕಿನಲ್ಲಿ ನಡೆದು ನಡುಹಗಲು ತಂಗಬೇಕು. ಬಾಯಾರುವ ಮೊದಲೇ ನೀರು, ಉಪ್ಪು ಬೆರೆತ ಮಜ್ಜಿಗೆ ಕುಡಿಯಬೇಕು. ಸಂಗಡಿಗರಲ್ಲಿ ಯಾರಾದರೂ ತೊದಲಿದರೆ, ತಡವರಿಸಿದರೆ, ದಿಕ್ಕು ತಪ್ಪಿ ಮಾತನಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರಿಯ ಆಯಾಸವಲ್ಲ. ಮೈಕಾವು 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ವೈದ್ಯರ ನೆರವು ಪಡೆಯಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲಾಗದು.

ಬರಿದಲೆಯಲ್ಲಿ ನಡೆದರೆ ಪುಣ್ಯ ಹೆಚ್ಚೆಂದು ವಾದಿಸುವ ಹಿರಿಯರನ್ನು ದಾರಿಯಲ್ಲಿ ಕಂಡಿದ್ದೇನೆ. ಅವರ ನಿಷ್ಠೆಗೆ ನಮಸ್ಕಾರ. ಆದರೆ ದೇಹವನ್ನೇ ದೇಗುಲವೆಂದು ಬಗೆದ ಶರಣರು ನಮ್ಮ ಪೂರ್ವಜರು. ದೇಗುಲದ ಮೇಲ್ಛಾವಣಿ ಸೋರಿದರೆ ಊರೇ ಕೂಡಿ ಹೊದಿಸುತ್ತದೆ. ಈ ದೇಗುಲದ ಮಾಡನ್ನು ಬಿಸಿಲಿಗೆ ಬಿಡುವುದು ಯಾವ ವ್ರತ? ದಂಡನೆಗೊಳಗಾದ ಶರೀರ ಬಿದ್ದರೆ ಅದನ್ನು ಹೊರುವವರು ಸಹಯಾತ್ರಿಕರು, ಅಳುವವರು ಮನೆಯವರು. ಆದುದರಿಂದ ಈ ಸಲ ಅಜ್ಜನ ಗಂಟು ಕಟ್ಟುವ ಮಕ್ಕಳು ಸೊಸೆಯಂದಿರು ರೊಟ್ಟಿಯ ಜೊತೆಗೆ ಒಂದು ಒಳ್ಳೆಯ ಟೋಪಿಯನ್ನೂ ಇಡಲಿ; ಬೇಡವೆಂದರೆ ಕೇಳದಿರಲಿ.