ಕಬ್ಬಿನ ತರಗು ಕಾದ ಕಡಲು

ಮಗನ ಕೆಲಸದ ನೆಪದಲ್ಲಿ ಮಾರಿಷಸ್ ನೋಡುವ ಯೋಗ ನನಗೆ ಒದಗಿತು. ಹಿಂದೂ ಮಹಾಸಾಗರದ ಈ ಪುಟ್ಟ ದೇಶದಲ್ಲಿ ಎತ್ತ ನೋಡಿದರೂ ಕಬ್ಬಿನ ಗದ್ದೆ. ಮಂಡ್ಯದವಳಾದ ನನಗೆ ಊರು ಬಿಟ್ಟು ಬಂದಿದ್ದೇನೆ ಅನ್ನಿಸಲೇ ಇಲ್ಲ. ರಸ್ತೆ ಬದಿಯಲ್ಲಿ ‘ಧೋಲ್ ಪುರಿ’ ಮಾರುತ್ತಾರೆ. ಬೇಳೆಯ ಹೂರಣ ತುಂಬಿ ತೆಳ್ಳಗೆ ಲಟ್ಟಿಸಿದ್ದು. ಬೆಲ್ಲ ಹಾಕಿದ್ದರೆ ನಮ್ಮ ಹೋಳಿಗೆಯೇ! 1834ರಿಂದ ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಭಾರತೀಯರು ಜೊತೆಗೆ ತಂದ ರುಚಿ ಅದು.

ಒಂದು ದಿನ ಆಗ್ನೇಯ ಕರಾವಳಿಯ ಮಾಹೆಬುರ್ ಊರಿನ ಕಡೆ ಹೋಗಿ, ದೋಣಿ ಹತ್ತಿದೆವು. ಅಲ್ಲೇ ಎದುರಿಗಿರುವ ‘ಈಲ್ ಓ ಎಗ್ರೆತ್’ ಎಂಬ ನಡುಗಡ್ಡೆಯಲ್ಲಿ ದೈತ್ಯ ಆಮೆಗಳೂ ಗುಲಾಬಿ ಬಣ್ಣದ ಪಾರಿವಾಳಗಳೂ ಇವೆ. ನೀರು ಗಾಜಿನಂತೆ ತಿಳಿ. ಎಂಟು ವರ್ಷದ ಮೊಮ್ಮಗ ಮಾತ್ರ ಅಪ್ಪನ ಫೋನ್ ಹಿಡಿದು, “ಅಜ್ಜೀ, ಇಲ್ಲಿ ಸಿಗ್ನಲ್ಲೇ ಇಲ್ಲ” ಎಂದು ಗೊಣಗುತ್ತಿದ್ದ.

ಮಗ ಅದನ್ನು ದೋಣಿಯವನಿಗೆ ಹೇಳಿದ. ದೋಣಿಯವನು ನಗಲಿಲ್ಲ. ದೂರದಲ್ಲಿ ಅಲೆಗಳು ಬಿಳಿ ಗೆರೆಯಾಗಿ ಒಡೆಯುವ ಹವಳದ ದಿಬ್ಬವನ್ನು ತೋರಿಸಿ ಕಥೆ ಶುರು ಮಾಡಿದ.

2020ರ ಜುಲೈ 25. ‘ವಾಕಾಶಿಯೋ’ ಎಂಬ ಹಡಗು, ಸುಮಾರು 300 ಮೀಟರ್ ಉದ್ದದ್ದು, ಅದೇ ದಿಬ್ಬಕ್ಕೆ ಬಂದು ಬಡಿಯಿತು. ಫೋನಿಗೆ ಸಿಗ್ನಲ್ ಸಿಗಲೆಂದು ಹಡಗನ್ನು ದಡದ ಹತ್ತಿರಕ್ಕೆ ತಂದಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು! ಅದು ತೈಲ ಸಾಗಿಸುವ ಹಡಗಲ್ಲ, ಅದರಲ್ಲಿ ಸರಕೂ ಇರಲಿಲ್ಲ. ಆದರೆ ಅದರದ್ದೇ ಎಂಜಿನ್ನಿಗೆ ಬೇಕಾದ ಎಣ್ಣೆ ಸಾವಿರಾರು ಟನ್ ಇತ್ತು. ಆಗಸ್ಟ್ 6ರಂದು ಅದು ಸೋರತೊಡಗಿತು. ಸುಮಾರು 1,000 ಟನ್ ಎಣ್ಣೆ ಕಡಲಿಗೆ ಸೇರಿ, ತಿಳಿನೀರು ಕಪ್ಪಾಯಿತು.

ಊರವರು ಕೈಕಟ್ಟಿ ಕೂರಲಿಲ್ಲ. ಗದ್ದೆಯ ಒಣಗಿದ ಕಬ್ಬಿನ ತರಗನ್ನು ಬಟ್ಟೆ ಚೀಲಗಳಿಗೆ ತುಂಬಿದರು. ಅದು ತೇಲಲಿ ಎಂದು ಖಾಲಿ ಬಾಟಲಿ ಕಟ್ಟಿದರು. ಹಗಲೂ ರಾತ್ರಿ ಹೊಲಿದು, ಕಿಲೋಮೀಟರ್‌ಗಟ್ಟಲೆ ಉದ್ದದ ತೇಲುವ ಬೇಲಿ ಮಾಡಿ ಕಡಲಿಗೆ ಬಿಟ್ಟರು. ಎಣ್ಣೆ ಹೀರಲು ಕೂದಲು ಬೇಕೆಂದಾಗ ತಲೆಗೂದಲನ್ನೇ ಕತ್ತರಿಸಿ ಕೊಟ್ಟವರೂ ಇದ್ದರು. ನಡುಗಡ್ಡೆಯಿಂದ ಅಪರೂಪದ ಪುಟ್ಟ ಹಕ್ಕಿಗಳನ್ನೂ ಸಸಿಗಳನ್ನೂ ಬೇರೆಡೆಗೆ ಸಾಗಿಸಿದರು. ಆದರೂ ಒಂದಷ್ಟು ಎಣ್ಣೆ ದಡದ ಕಾಂಡ್ಲಾ ಮರಗಳ ಬುಡ ಮುಟ್ಟಿತು. ತಿಂಗಳುಗಟ್ಟಲೆ ಅಲ್ಲಿ ಮೀನು ಹಿಡಿಯುವಂತಿರಲಿಲ್ಲ.

ಕಾಂಡ್ಲಾ ಉಪ್ಪುನೀರಿನಲ್ಲಿ ಬೆಳೆಯುವ ಮರ. ಅದರ ಬೇರುಗಳು ಊರುಗೋಲಿನ ಹಾಗೆ ನೀರಿನಿಂದ ಮೇಲೆ ನಿಂತಿರುತ್ತವೆ. ಆ ಬೇರುಗಳ ಮೇಲಿನ ಸಣ್ಣ ರಂಧ್ರಗಳೇ ಮರದ ಮೂಗು. ಮಕ್ಕಳೇ, ಮೂಗು, ಬಾಯಿ ಎರಡೂ ಮುಚ್ಚಿಕೊಂಡು ಹತ್ತು ಎಣಿಸಿ ನೋಡಿ. ಎಣ್ಣೆ ಮೆತ್ತಿಕೊಂಡಾಗ ಮರಕ್ಕೂ ಹಾಗೇ ಆಗುತ್ತದೆ. ಏಡಿ, ಸೀಗಡಿ, ಮೀನಿನ ಮರಿಗಳು ದೊಡ್ಡದಾಗುವ ತೊಟ್ಟಿಲು ಆ ಬೇರುಗಳ ಸಂದಿಯೇ. ಮರ ಸತ್ತರೆ ತೊಟ್ಟಿಲೂ ಹೋಯಿತು.

“ಈಗ ಎಣ್ಣೆ ಎಲ್ಲಾ ಹೋಯ್ತಾ ಅಜ್ಜೀ?” ಮೊಮ್ಮಗ ಕೇಳಿದ.

“ಕಣ್ಣಿಗೆ ಕಾಣೋದು ಹೋಗಿದೆ ಕಂದಾ. ಕೆಸರಿಗೆ ಇಳಿದದ್ದು ಬೇಗ ಹೋಗಲ್ಲ” ಎಂದೆ.

ಎಣ್ಣೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿವೆ. ಆದರೆ ಕಾಂಡ್ಲಾದ ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಅಲ್ಲಿ ಅವುಗಳ ಕೆಲಸ ಬಲು ನಿಧಾನ. ಪನಾಮಾ ದೇಶದಲ್ಲಿ 1986ರಲ್ಲಿ ಎಣ್ಣೆ ಟ್ಯಾಂಕ್ ಒಡೆದಾಗ ಕೆಸರಿಗೆ ಸೇರಿದ ಎಣ್ಣೆ, ಐದು ವರ್ಷವಾದರೂ ಜಿನುಗುತ್ತಲೇ ಇತ್ತು. ಅವಸರದಲ್ಲಿ ತುಳಿದಾಡಿ ತೊಳೆಯಹೋದರೆ ಎಣ್ಣೆ ಇನ್ನೂ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಚೆಲ್ಲಿದ ಮೇಲೆ ಬಳಿಯುವುದಕ್ಕಿಂತ ಚೆಲ್ಲದಂತೆ ನೋಡಿಕೊಳ್ಳುವುದೇ ಸುಲಭ.

ನಮ್ಮ ಕರಾವಳಿಯಲ್ಲೂ ಕಾಂಡ್ಲಾ ಇದೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮರಗಳ ನಡುವೆಯೇ ಕಾಲುದಾರಿ ಮಾಡಿದ್ದಾರೆ. ಮಳೆಗಾಲದಲ್ಲಿ ಕಾರವಾರದ ಮರಳಿನ ಮೇಲೆ ಒಮ್ಮೊಮ್ಮೆ ಕಪ್ಪು ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ಅವೂ ಕಡಲಿಗೆ ಸೇರಿದ ಎಣ್ಣೆಯವೇ. ಕಂಡರೆ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ.

ದೋಣಿ ದಡ ಸೇರಿತು. ಮೊಮ್ಮಗ ಫೋನನ್ನು ಅಪ್ಪನ ಕೈಗಿಟ್ಟು ಕಾಂಡ್ಲಾ ಬೇರಿನ ಬಳಿ ಕುಕ್ಕರಗಾಲಲ್ಲಿ ಕೂತ. ಕೆಸರಿನ ತೂತಿನಿಂದ ಪುಟ್ಟ ಏಡಿಯೊಂದು ಇಣುಕಿತು. “ಶ್, ಅಜ್ಜೀ, ಮಾತಾಡಬೇಡ!” ಎಂದ.