ಮೂರನೆಯ ಹಂಗಾಮು

ಒಕ್ಕಲಿಗನ ವರ್ಷಕ್ಕೆ ಮುಂಗಾರು, ಹಿಂಗಾರುಗಳೆಂಬ ಎರಡು ಹಂಗಾಮುಗಳು. ಬಾಗಲಕೋಟೆಯ ಸೀಮೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಅವನ ಮಗನಿಗೆ ಇವೆರಡರ ಸಂಧಿಯಲ್ಲಿ ಮೂರನೆಯದೊಂದು ಹಂಗಾಮು ಉಂಟು. ಅದು ಪಂಚಾಂಗದಲ್ಲಿ ಕಾಣಸಿಗದು. ಕಾಲೇಜಿನ ಸೂಚನಾ ಫಲಕದಲ್ಲಿ, ಶುಲ್ಕ ಕಟ್ಟಲು ಕೊನೆಯ ದಿನದ ಎಚ್ಚರಿಕೆಗೂ ಗ್ರಂಥಾಲಯದ ಪುಸ್ತಕ ಮರಳಿಸಬೇಕೆಂಬ ಆಜ್ಞೆಗೂ ನಡುವೆ, ‘ಕಬಡ್ಡಿ ತಂಡದ ಆಯ್ಕೆ, ಆಸಕ್ತರು ಸಂಜೆ ಮೈದಾನಕ್ಕೆ ಬರತಕ್ಕದ್ದು’ ಎಂಬ ಎರಡು ಸಾಲು ಕಾಣಿಸಿಕೊಂಡ ದಿನ ಆ ಹಂಗಾಮು ಹುಟ್ಟುತ್ತದೆ. ಅದು ಮುಗಿಯುವುದು ಎಂದು ಎಂಬುದನ್ನು ಮಾತ್ರ ಯಾವ ಫಲಕವೂ ಹೇಳದು.

ಕಾಲೇಜು ತಂಡವೊಂದರ ಹಂಗಾಮನ್ನು ಊರಹಬ್ಬವನ್ನಾಗಿ ಮಾಡಿದವರು ಅಮೆರಿಕದವರು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು, ಕಡೆಗೆ 25 ಮಂದಿಯಂತೆ, ಒಂದು ಚೆಂಡಿನ ಬೆನ್ನು ಹತ್ತಿದರು. ರಟ್ಗರ್ಸ್ 6–4ರಿಂದ ಗೆದ್ದಿತು. ಅಲ್ಲಿಂದ ಬೆಳೆದುಬಂದ ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರು ಕಾಲಿನದಾದರೂ ಕೆಲಸವೆಲ್ಲ ಕೈಯದು. ಎದುರಾಳಿಯನ್ನು ತಬ್ಬಿ ನೆಲಕ್ಕೆ ಕೆಡಹುವುದೇ ಅದರ ಜೀವಾಳ. ಹುನಗುಂದದ ಹುಡುಗ ಅದನ್ನು ಕಂಡರೆ, ಚೆಂಡೊಂದನ್ನು ತೆಗೆದಿಟ್ಟರೆ ಇದು ತನ್ನದೇ ಆಟವೆಂದಾನು. ಮಿಚಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಆ ಆಟ ನೋಡಲು ಲಕ್ಷಕ್ಕೂ ಮೀರಿ ಜನ ಕೂಡುತ್ತಾರೆ. ಅಲ್ಲಿಯ ದೊಡ್ಡ ಕಾಲೇಜು ತಂಡಗಳಿಗೆ ಹಂಗಾಮಿಗೆ 12 ಪಂದ್ಯಗಳು ನಿಶ್ಚಿತ. ಈ ಶನಿವಾರ ಸೋತರೆ ಮುಂದಿನ ಶನಿವಾರವೊಂದು ಕಾದಿರುತ್ತದೆ.

ಇಲ್ಲಿ ಹಾಗಲ್ಲ. ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಾವಳಿ ಸಾಮಾನ್ಯವಾಗಿ ನಾಕೌಟ್ ಪದ್ಧತಿಯದು. ಲೀಗಿನ ಭಾಗ್ಯ ಕೊನೆಗುಳಿದ ತಂಡಗಳಿಗೆ ಮಾತ್ರ. ಸೋತವರು ಅಂದಿನ ಬಸ್ಸಿಗೇ ಊರು ಸೇರಬೇಕು. ಪಂದ್ಯವೋ 20 ನಿಮಿಷಗಳ ಎರಡು ಭಾಗ. ಎಂದರೆ ಎರಡು ತಿಂಗಳ ಬೆವರಿಗೆ ಖಚಿತವಾಗಿ ದೊರೆಯುವ ಕೂಲಿ 40 ನಿಮಿಷ. ಮೊದಲ ಸುತ್ತಿನಲ್ಲಿ ಆಡಿದ ತಂಡಗಳಲ್ಲಿ ಅರ್ಧದಷ್ಟರ ಹಂಗಾಮು ಅಲ್ಲಿಯೇ ಮುಗಿಯುವುದು ಬರಿಯ ಗಣಿತ. ಅದಕ್ಕೆ ಯಾರ ಆಲಸ್ಯವೂ ಕಾರಣವಲ್ಲ. ಇಷ್ಟು ಸಣ್ಣ ಫಲಕ್ಕೆ ಇಷ್ಟು ದೊಡ್ಡ ದುಡಿಮೆಯೇಕೆ ಎಂಬ ಪ್ರಶ್ನೆ ಸಹಜವಾದುದು. ಅದನ್ನು ಎಲ್ಲರಿಗಿಂತ ಮೊದಲು ಕೇಳುವವನು ಹುಡುಗನ ತಂದೆ.

ಈ ಸೀಮೆಯಲ್ಲಿ ವಿದ್ಯೆಯ ಬೀಜ ಬಿದ್ದು ಬಹುಕಾಲವಾಯಿತು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಇಲ್ಲಿಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನೆರಳಿನಲ್ಲಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದರ ಆಶ್ರಯಕ್ಕೆ ಬಂದವು. ಮುಂದೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಆಯಿತು. ಪ್ರಮಾಣಪತ್ರದ ತಲೆಬರಹ ಬದಲಾದರೂ ಅಂಕಣ ಬದಲಾಗಲಿಲ್ಲ: 13 ಮೀಟರ್ ಉದ್ದ, 10 ಮೀಟರ್ ಅಗಲ, ಕಡೆಗೆ ಏಳು ಮಂದಿ.

ಅಂಕಣದ ಅಳತೆ ಒಂದೇ ಆದರೂ ಅದರಡಿಯ ಮಣ್ಣು ಒಂದೇ ಅಲ್ಲ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟಗಳಿಂದ ಸವೆದು ಉದುರಿದ ಉಸುಕು. ಆರನೆಯ ಶತಮಾನದಲ್ಲಿ ಚಾಲುಕ್ಯರ ಉಳಿಗೆ ಒಲಿದು ಗುಹಾಲಯವಾದ ಆ ಕಲ್ಲು, ಬಿದ್ದವನ ಮೊಣಕಾಲಿಗೆ ಅಷ್ಟು ದಯೆ ತೋರದು. ಅಲ್ಲಿಯ ಹುಡುಗ ಬೀಳದೆ ನುಣುಚಿಕೊಳ್ಳುವುದನ್ನೇ ಮೊದಲು ಕಲಿಯುತ್ತಾನೆ. ಹುನಗುಂದದ ಎರೆಮಣ್ಣಿನ ಪಾಡು ಬೇರೆ. ಬೇಸಗೆಯಲ್ಲಿ ಬಾಯ್ಬಿಡುವ ಆ ಕರಿಯ ನೆಲ ನಾಲ್ಕು ಹನಿ ಬಿದ್ದೊಡನೆ ಅಂಟಾಗಿ ಅಂಗಾಲಿಗೆ ಮೆತ್ತುತ್ತದೆ. ಅಲ್ಲಿಯವನು ಹಿಡಿದರೆ ಬಿಡುವವನಲ್ಲ. ಆ ಗುಣ ಮಣ್ಣಿನದೋ ಮನುಷ್ಯನದೋ ಹೇಳುವುದು ಕಷ್ಟ. ಇಳಕಲ್ಲಿನ ನೇಕಾರರ ಓಣಿಯ ಹುಡುಗ ಕುಣಿಮಗ್ಗದಲ್ಲಿ ಕಾಲಿಳಿಸಿ ತುಳಿದು ಬೆಳೆದವನು. ಅಂಕಣದಲ್ಲಿಯೂ ಅವನ ಹೆಜ್ಜೆಗೊಂದು ತಾಳವಿರುತ್ತದೆ.

ಬಾಗಲಕೋಟೆಗೆ ಮಾತ್ರ ಮಣ್ಣಿಗಿಂತ ನೀರಿನ ನೆನಪು ಹೆಚ್ಚು. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಗುಂಟ ಏರಿಬಂದಾಗ ಹಳೆಯ ಊರಿನ ತಗ್ಗಿನ ಓಣಿಗಳೂ ಸುತ್ತಣ ಹಳ್ಳಿಗಳೂ ಮುಳುಗಡೆಯಾದವು. ಊರಿನ ಬಹಳಷ್ಟು ಜನ ನವನಗರಕ್ಕೆ ಸರಿದರು. ಹಳ್ಳಿಗಳು ಪುನರ್ವಸತಿ ಕೇಂದ್ರಗಳಾಗಿ ಎದ್ದು ನಿಂತವು. ಮನೆಗೆ ಪರಿಹಾರವುಂಟು, ಹೊಲಕ್ಕೂ ಉಂಟು. ಆದರೆ ಹನುಮಪ್ಪನ ಗುಡಿಯ ಮುಂದಣ ಬಯಲಿನಲ್ಲಿ ತಂದೆ ಅಜ್ಜಂದಿರು ಕಟ್ಟಿಗೆಯಿಂದ ಗೆರೆ ಕೊರೆದು ಆಡಿದ ಜಾಗಕ್ಕೆ ಯಾವ ಕೋಷ್ಟಕದಿಂದ ಬೆಲೆ ಕಟ್ಟುವುದು? ಅಂಥ ಕೇಂದ್ರದಿಂದ ವಿದ್ಯಾಗಿರಿಯ ಕಾಲೇಜಿಗೆ ಬಂದ ಹುಡುಗನಿಗೆ ತನ್ನೂರಿನ ಹೆಸರು ಹೇಳಿ ಇಳಿಯಲು ದೊರೆತ ಅಖಾಡವೆಂದರೆ ಈ ಅಂಕಣವೇ. ನೀರಿನಡಿಯ ಊರಿನ ಹೆಸರು ತಂಡದ ಪಟ್ಟಿಯಲ್ಲಿ ಆಟಗಾರನ ಹೆಸರಿನ ಮುಂದೆ ಇನ್ನೂ ಬದುಕಿರುತ್ತದೆ.

ಹಂಗಾಮಿನ ನಿಜವಾದ ಎದುರಾಳಿ ಮತ್ತೊಂದು ಕಾಲೇಜಲ್ಲ, ಮತ್ತೊಂದು ಹಂಗಾಮು. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವ ಕಾಲ ಸೆಪ್ಟೆಂಬರ್, ಅಕ್ಟೋಬರ್. ನೆಲದ ಹಸಿ ಆರುವ ಮುನ್ನ ಕೂರಿಗೆ ಹೂಡಬೇಕು. ಹಸಿ ಯಾರಿಗೂ ಕಾಯದು. ತಂಡದ ಅಭ್ಯಾಸ ಬಿರುಸಾಗುವುದೂ ಅವೇ ದಿನಗಳಲ್ಲಿ. ಬೆಳಗ್ಗೆ ಕೂರಿಗೆಯ ಹಿಂದೆ ನಡೆದು, ಮಧ್ಯಾಹ್ನದ ಬಸ್ಸು ಹಿಡಿದು, ಸಂಜೆ ಅಂಕಣಕ್ಕೆ ಇಳಿದವನಿಗೆ ಮೈದಾನವನ್ನು ಹತ್ತು ಸುತ್ತು ಓಡು ಎನ್ನಲು ದೈಹಿಕ ಶಿಕ್ಷಣ ನಿರ್ದೇಶಕರ ನಾಲಗೆ ಏಳದು. ನೇಕಾರನ ಮನೆಯಲ್ಲಿ ಲೆಕ್ಕ ಇನ್ನೂ ನೇರ: ಮಗ್ಗ ನಿಂತ ಹೊತ್ತಿಗೆ ಕೂಲಿಯಿಲ್ಲ. “ನಿನ್ನ ಕಬಡ್ಡಿ ಜ್ವಾಳಾ ಕೊಡತೈತೇನು?” ಎಂದು ತಂದೆ ಕೇಳಿದರೆ ಅದರಲ್ಲಿ ಕೋಪಕ್ಕಿಂತ ಹೆಚ್ಚಾಗಿ ಭಯವಿರುತ್ತದೆ. ತಾಯಿ ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಮರುದಿನದ ಬುತ್ತಿಯಲ್ಲಿ ಒಂದು ರೊಟ್ಟಿ ಹೆಚ್ಚಾಗಿರುತ್ತದೆ. ಶೇಂಗಾ ಚಟ್ನಿಯ ಮಗ್ಗುಲಿಗೆ ಗಟ್ಟಿಮೊಸರು.

ಈ ಆಟದಲ್ಲಿ ದಾಳಿಗೆ ಹೋಗುವವನು ಒಂಟಿ. ನಡುಗೆರೆ ದಾಟಿದ ಮೇಲೆ ಅವನ ಪಾಲಿಗೆ ಒಂದು ಉಸಿರು, ಹೆಚ್ಚೆಂದರೆ 30 ಸೆಕೆಂಡು. ಯಾರನ್ನೂ ಮುಟ್ಟದೆ, 3.75 ಮೀಟರ್ ಆಚೆಯ ಗೆರೆಯನ್ನೂ ದಾಟದೆ ಹಿಂದಿರುಗಿದರೆ ಅವನೇ ಔಟು. ಜನರ ಚಪ್ಪಾಳೆ ಅವನಿಗೇ ಸಲ್ಲುತ್ತದೆ. ಆದರೆ ಅವನೊಮ್ಮೆ ಔಟಾಗಿ ಹೊರಗೆ ಕುಳಿತನೆಂದರೆ ಅವನನ್ನು ಮತ್ತೆ ಬದುಕಿಸಿ ಒಳಗೆ ತರುವುದು ಸಂಗಡಿಗರು ಗಳಿಸಿದ ಅಂಕ. ಆ ಅಂಕವನ್ನು ತರುವುದು ಬಹಳ ಸಲ ಸರಪಳಿ. ಎಂದರೆ ಕೈಗೆ ಕೈ ಕೂಡಿಸಿ ಎದುರಾಳಿಯನ್ನು ಸುತ್ತುಗಟ್ಟುವ ರಕ್ಷಕರು.

ಸರಪಳಿಯ ಮರ್ಮ ಇಳಕಲ್ಲಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಆ ಎಳೆಗಳನ್ನು ಈ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೀರೆ ಒಂದಾಗುವುದು. ನೋಡುವವರ ಕಣ್ಣು ಕೆಂಪು ಸೆರಗಿನ ಮೇಲೆ. ನೇಯುವವನ ಕಣ್ಣು ಕೊಂಡಿಯ ಮೇಲೆ. ಕಬಡ್ಡಿಯ ಸರಪಳಿಯಲ್ಲಿಯೂ ಒಕ್ಕಲಿಗನ ಮಗ, ನೇಕಾರನ ಮಗ, ಕಲ್ಲುಗಣಿಯ ಕೂಲಿಯ ಮಗ, ಮುಳುಗಿದ ಊರಿನ ಮಗ ಕೈ ಕೂಡಿಸುತ್ತಾರೆ. ತನ್ನ ಪಕ್ಕಕ್ಕೆ ಬಂದ ಕೈ ಯಾವ ಓಣಿಯದೆಂದು ಆರಿಸಿಕೊಳ್ಳುವ ಅವಕಾಶ ಅಲ್ಲಿಲ್ಲ. ದಾಳಿಗಾರ ಅಷ್ಟು ಸಮಯ ಕೊಡುವುದಿಲ್ಲ. ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮ ಹುನಗುಂದಕ್ಕೆ ದೂರವಲ್ಲ. ಅಲ್ಲಿ ಹನ್ನೆರಡನೆಯ ಶತಮಾನದ ಬಸವಣ್ಣನ ಹೆಸರಿನಲ್ಲಿ ಕೈಮುಗಿದು ಊರಿಗೆ ಬಂದ ಮೇಲೆ ಕುಲ ಕೇಳುವವರು ಇಂದಿಗೂ ಉಂಟು. ಸರಪಳಿಯ ಹುಡುಗರು ಅಂಥ ಮಾತನ್ನೇನೂ ಆಡುವುದಿಲ್ಲ. ಕೈಯನ್ನು ಬಿಗಿಯಾಗಿ ಹಿಡಿಯುತ್ತಾರೆ, ಅಷ್ಟೆ.

ಕೊನೆಗೊಮ್ಮೆ ಪಂದ್ಯಾವಳಿಯ ದಿನ ಬರುತ್ತದೆ. ಮಣ್ಣಿನ ಮೇಲೆ ಬರಿಗಾಲಿನಲ್ಲಿ ಕಲಿತವನಿಗೆ ಅಲ್ಲಿ ಮ್ಯಾಟು ಹಾಸಿರುವುದುಂಟು. ಮಣ್ಣಿನಲ್ಲಿ ಜಾರಿ ಉಳಿಯುತ್ತಿದ್ದ ಕಾಲು ಮ್ಯಾಟಿನ ಮೇಲೆ ಕಚ್ಚಿ ನಿಲ್ಲುತ್ತದೆ. ಎರವಲು ಬೂಟು ಬೆರಳನ್ನು ಒತ್ತುತ್ತದೆ. ಅದನ್ನು ತಿಳಿದುಕೊಳ್ಳುವಷ್ಟರಲ್ಲಿ ಮೊದಲ ಲೋನಾ ಬಿದ್ದು ಎರಡು ಅಂಕ ಎದುರಾಳಿಯ ಪಾಲಾಗಿರುತ್ತದೆ. ದ್ವಿತೀಯಾರ್ಧದಲ್ಲಿ ತಂಡ ಚೇತರಿಸಿಕೊಂಡು ಒಂದೊಂದೇ ಅಂಕ ಕೂಡಿಸುತ್ತ ಬರುತ್ತದೆ. ಇನ್ನೊಂದು ದಾಳಿಗೆ ಹೊತ್ತಿದ್ದರೆ ಗೆಲ್ಲುತ್ತಿತ್ತೇನೋ ಎನ್ನುವಾಗ ಸೀಟಿ ಕೂಗುತ್ತದೆ. ಸೋಲು ಬಹುಪಾಲು ಹೀಗೆಯೇ ಬರುವುದು. ಅದು ದೊಡ್ಡವರನ್ನೂ ಬಿಟ್ಟಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1990ರಿಂದ 2014ರವರೆಗೆ ಏಳು ಸಲವೂ ಚಿನ್ನ ತಂದ ಭಾರತದ ಪುರುಷರ ತಂಡ 2018ರಲ್ಲಿ ಜಕಾರ್ತದ ಸೆಮಿಫೈನಲಿನಲ್ಲಿ ಇರಾನಿಗೆ ಸೋತು, ಕಂಚು ಹಿಡಿದು ಬಂದಿತು.

ಮರಳುವ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಬಾಗಲಕೋಟೆ ಹಿಂದೆ ಬಿದ್ದು, ಬಸ್ಸು ಅಮೀನಗಡದಲ್ಲಿ ನಿಂತಾಗ ಒಬ್ಬ ಇಳಿದುಹೋಗಿ ಕರದಂಟಿನ ಪೊಟ್ಟಣ ತರುತ್ತಾನೆ. ಅದು ಕೈಯಿಂದ ಕೈಗೆ ಹಿಂದಿನ ಆಸನದವರೆಗೂ ಹೋಗುತ್ತದೆ. ಹುನಗುಂದ ಬರುವಷ್ಟರಲ್ಲಿ ಯಾರೋ ಎದುರಾಳಿ ನಾಯಕನ ನಡಿಗೆಯನ್ನು ಅಣಕಿಸುತ್ತಾನೆ, ಎಲ್ಲರೂ ನಗುತ್ತಾರೆ. ಕೊನೆಯ ವರ್ಷದವನು ಮಾತ್ರ ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ. ಉಳಿದವರಿಗೆ ಮುಂದಿನ ವರ್ಷವುಂಟು, ಅವನಿಗಿಲ್ಲ.

ಆಯ್ದ ಕೆಲವರಿಗೆ ವಿಶ್ವವಿದ್ಯಾಲಯದ ‘ಬ್ಲೂ’ ದೊರೆಯುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಂದಿನಿಂದ ಟೆಲಿವಿಷನ್ ತೆರೆಯ ಕನಸೂ ಸೇರಿಕೊಂಡಿದೆ. ಆದರೆ ಕನಸು ಕಂಡವರೆಷ್ಟೋ, ತೆರೆಯ ಮೇಲೆ ಬಂದವರೆಷ್ಟೋ! ಹೆಚ್ಚಿನವರು ಹೊಲಕ್ಕೋ ಮಗ್ಗಕ್ಕೋ ಪೊಲೀಸು ಭರತಿಯ ಓಟಕ್ಕೋ ಹೋಗುತ್ತಾರೆ. ಹಾಗಾದರೆ ತಂದೆಯ ಪ್ರಶ್ನೆ ಅಲ್ಲಿಯೇ ಉಳಿಯಿತಲ್ಲವೆ?

ಉತ್ತರ ತಂದೆಯ ಹೊಲದಲ್ಲಿಯೇ ಇದೆ. ಹಿಂಗಾರಿ ಜೋಳಕ್ಕೆ ಬಿತ್ತಿದ ಮೇಲೆ ಹೇಳಿಕೊಳ್ಳುವಂಥ ಮಳೆಯಿಲ್ಲ. ಎರೆಯ ಒಡಲಲ್ಲಿ ಹಿಂದೆ ಇಂಗಿದ ಹಸಿಯನ್ನೇ ನಂಬಿ ಅದು ತೆನೆಗಟ್ಟುತ್ತದೆ. ಇಪ್ಪತ್ತರ ಹರೆಯದ ಎರಡು ತಿಂಗಳೂ ಅಂಥ ಹಸಿಯೇ. ಮುಂದಿನ ಒಣದಿನಗಳಲ್ಲಿ, ಸಾಲದ ಕಂತಿನ ಮುಂದೆಯೋ ಬಾರದ ಮಳೆಯ ಮುಂದೆಯೋ ಒಂಟಿಯಾಗಿ ನಿಂತಾಗ, ಒಮ್ಮೆ ಏಳು ಮಂದಿ ಕೈಗೂಡಿಸಿ ನಿಂತಿದ್ದೆವೆಂಬ ನೆನಪು ಒಳಗಿನಿಂದ ಜಿನುಗುತ್ತದೆ. ಜನವರಿಯಲ್ಲಿ ಬನಶಂಕರಿಯ ಜಾತ್ರೆ ಕಳೆದು ಜೋಳದ ರಾಶಿ ಮುಗಿದ ಮೇಲೆ ಊರ ಬಯಲಿಗೆ ಹೋಗಿ ನೋಡಿದರೆ, ಹಳೆಯ ಆಟಗಾರನೊಬ್ಬ ಚಿಕ್ಕ ಹುಡುಗರನ್ನು ಸಾಲಾಗಿ ನಿಲ್ಲಿಸಿರುತ್ತಾನೆ. ಅವನು ಮೊದಲು ಕಲಿಸುವುದು ದಾಳಿಯನ್ನಲ್ಲ, ಪಕ್ಕದವನ ಕೈ ಹಿಡಿಯುವುದನ್ನು.